4,29,49,67,297: ಒಂದು ಸಂಖ್ಯೆಯನ್ನು ಒಡೆಯಲು ಎಷ್ಟು ಸಲ ಭಾಗಿಸಬೇಕು?

ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹತ್ತು ಅಂಕಿಯ ಒಂದು ಸಂಖ್ಯೆ. ಇದು ಅವಿಭಾಜ್ಯವೋ ಅಲ್ಲವೋ? ಪ್ರಶ್ನೆ ಇಷ್ಟೇ. ಇವತ್ತು ಯಾವ ಮೊಬೈಲ್ ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ. ಆದರೆ ಮೊದಲ ಸಲ ಈ ಪ್ರಶ್ನೆ ಎದ್ದಾಗ ಉತ್ತರ ಬರಲು 92 ವರ್ಷ ಹಿಡಿಯಿತು.

ಈ ಸಂಖ್ಯೆ ನನಗೆ ತುಂಬಾ ಇಷ್ಟ. ಪೆನ್ಸಿಲ್, ಹಾಳೆ ಹಿಡಿದು ಇದರ ಜೊತೆ ಎಷ್ಟೋ ಸಂಜೆ ಕಳೆದಿದ್ದೇನೆ. ಕೈಯಲ್ಲಿ ಲೆಕ್ಕ ಮಾಡಲು ಆಗದಷ್ಟು ದೊಡ್ಡದಲ್ಲ, ಸುಮ್ನೆ ನೋಡಿದರೆ ಗುಟ್ಟು ಬಿಟ್ಟುಕೊಡುವಷ್ಟು ಚಿಕ್ಕದೂ ಅಲ್ಲ. ಈ ಪ್ರಕರಣವನ್ನು ಒಂದೇ ಲೆಕ್ಕ ಇಟ್ಟುಕೊಂಡು ನೋಡೋಣ: ಇದನ್ನು ಒಡೆಯಲು ಎಷ್ಟು ಸಲ ಭಾಗಿಸಬೇಕು? ಸಂಖ್ಯೆಯ ಬಗ್ಗೆ ಒಂದೊಂದು ವಿಷಯ ಗೊತ್ತಾದ ಹಾಗೆ ಈ ಎಣಿಕೆ ಹೇಗೆ ಇಳಿಯುತ್ತದೆ ಅನ್ನುವುದೇ ನನಗೆ ಇಲ್ಲಿ ಮುಖ್ಯ.

ನಂಬಿಕೆ ಎಲ್ಲಿಂದ ಬಂತು

2ರಿಂದ ಶುರು ಮಾಡಿ. ಅದನ್ನು ವರ್ಗ ಮಾಡಿದರೆ 4. ಮತ್ತೆ ವರ್ಗ ಮಾಡಿದರೆ 16. ಹಾಗೇ ಮುಂದಕ್ಕೆ 256, 65,536. ಪ್ರತಿಯೊಂದಕ್ಕೂ 1 ಕೂಡಿಸಿ. 3, 5, 17, 257, 65,537 ಸಿಗುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳು. 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ ಈ ಸಾಲನ್ನು ಗಮನಿಸಿದರು. ಗೆಳೆಯ ಫ್ರೆನಿಕ್ಲ್‌ಗೆ ಪತ್ರ ಬರೆದು, ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಎಂದು ತನಗೆ ಅನ್ನಿಸುತ್ತಿದೆ ಎಂದರು. ಇದಕ್ಕೆ ಸಾಧನೆ, ಅಂದರೆ ಗಣಿತದ ಪುರಾವೆ, ತನ್ನ ಬಳಿ ಇಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಇವುಗಳಿಗೆ ಈಗ ಫರ್ಮಾ ಸಂಖ್ಯೆಗಳು ಎಂದೇ ಹೆಸರು.

ಸಾಲಿನಲ್ಲಿ ಮುಂದೆ ಬರುವುದೇ ನಮ್ಮ ಸಂಖ್ಯೆ. 65,536ರ ವರ್ಗಕ್ಕೆ 1 ಕೂಡಿಸಿದರೆ 4,29,49,67,297. ಅಂದರೆ 2³² + 1.

ಮೇಲ್ನೋಟಕ್ಕೆ ಇದು ಅವಿಭಾಜ್ಯ ಸಂಖ್ಯೆಯ ಹಾಗೇ ಕಾಣುತ್ತದೆ. ಕೊನೆಯ ಅಂಕಿ 7, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳನ್ನೆಲ್ಲ ಕೂಡಿಸಿದರೆ 59, ಹಾಗಾಗಿ 3 ಕೂಡ ಇಲ್ಲ. 7ರಿಂದ ಭಾಗಿಸಿದರೆ ಶೇಷ 5. 11ರಿಂದಲೂ ಶೇಷ 5. 13ರಿಂದ 10. ಶಾಲೆಯಲ್ಲಿ ಕಲಿತ ಪರೀಕ್ಷೆಗಳೆಲ್ಲ ಇಷ್ಟಕ್ಕೆ ಮುಗಿದು ಹೋಗುತ್ತವೆ.

ಮುಂದೆ ಗಟ್ಟಿ ದಾರಿ ಅಂದರೆ ಒಂದೊಂದೇ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡು ಭಾಗಿಸುತ್ತಾ ಹೋಗುವುದು. ವರ್ಗಮೂಲದವರೆಗೆ, ಅಂದರೆ ಸುಮಾರು 65,536ರವರೆಗೆ ಹೋದರೆ ಸಾಕು. ಆದರೆ ಅಷ್ಟರೊಳಗೆ 6,542 ಅವಿಭಾಜ್ಯ ಸಂಖ್ಯೆಗಳಿವೆ. ಸಂಖ್ಯೆ ನಿಜಕ್ಕೂ ಅವಿಭಾಜ್ಯ ಆಗಿದ್ದರೆ ಅಷ್ಟೂ ಭಾಗಾಕಾರ ಮಾಡಲೇಬೇಕು. ನಡುವೆ ಒಂದು ಕಡೆ ಕೈ ತಪ್ಪಿದರೂ ಮುಗಿಯಿತು. ಇದು ನಮ್ಮ ಮೊದಲ ಎಣಿಕೆ.

ಎಣಿಕೆ ಐದಕ್ಕೆ ಇಳಿಯುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪ್ರಕರಣದ ಜೀವ ಇರುವುದೇ ಇಲ್ಲಿ.

2, 4, 8, 16 ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ 17ರಿಂದ ಭಾಗಿಸಿ ಶೇಷ ಮಾತ್ರ ಬರೆದುಕೊಳ್ಳಿ. 2, 4, 8, 16, 15, 13, 9, 1. ಎಂಟನೇ ಹೆಜ್ಜೆಗೆ 1 ಬಂತು. ಅಲ್ಲಿಂದ ಮತ್ತೆ ಅದೇ ಸುತ್ತು. ನಾಲ್ಕನೇ ಹೆಜ್ಜೆ ನೋಡಿ: ಶೇಷ 16. ಅಂದರೆ 17ಕ್ಕೆ ಒಂದು ಕಡಿಮೆ. ಇದನ್ನು −1 ಎಂದು ಬರೆದುಕೊಂಡರೆ ಲೆಕ್ಕ ಹಗುರಾಗುತ್ತದೆ. 2⁴ ಬಿಟ್ಟ ಶೇಷ −1 ಅಂದರೆ 2⁴ + 1 ಪೂರ್ತಿ ಭಾಗವಾಗುತ್ತದೆ ಎಂದೇ ಅರ್ಥ. ಹೌದು, 2⁴ + 1 ಅಂದರೆ 17 ತಾನೇ. ನಾಲ್ಕನೇ ಹೆಜ್ಜೆಗೆ −1, ಅದರ ದುಪ್ಪಟ್ಟು ಎಂಟನೇ ಹೆಜ್ಜೆಗೆ 1.

ಇದೇ ಮಾತನ್ನು ನಮ್ಮ ಸಂಖ್ಯೆಗೆ ಹಚ್ಚೋಣ. ಯಾವುದೋ ಅವಿಭಾಜ್ಯ ಸಂಖ್ಯೆ 2³² + 1 ಅನ್ನು ಭಾಗಿಸುತ್ತದೆ ಅಂದುಕೊಳ್ಳಿ. ಅದನ್ನು 'ಪ' ಎನ್ನೋಣ. ಆಗ 32ನೇ ಹೆಜ್ಜೆಗೆ ಶೇಷ −1. 64ನೇ ಹೆಜ್ಜೆಗೆ −1 × −1, ಅಂದರೆ 1. ಹಾಗಾದರೆ ಸುತ್ತಿನ ಉದ್ದ (ಶೇಷ ಮೊದಲ ಸಲ 1 ಆಗುವ ಹೆಜ್ಜೆ) 64 ಅನ್ನು ಭಾಗಿಸಬೇಕು. 64ರ ಭಾಜಕಗಳು 1, 2, 4, 8, 16, 32, 64. ಉದ್ದ 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 32ನೇ ಹೆಜ್ಜೆಗೆ 1 ಬರಬೇಕಿತ್ತು. ಬಂದಿದ್ದು −1. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 64.

ಇನ್ನೊಂದು ಮಾತು. ಯಾವ ಬೆಸ ಅವಿಭಾಜ್ಯ 'ಪ' ತೆಗೆದುಕೊಂಡರೂ 'ಪ − 1'ನೇ ಹೆಜ್ಜೆಗೆ ಶೇಷ 1 ಬಂದೇ ಬರುತ್ತದೆ. 17ಕ್ಕೆ 16ನೇ ಹೆಜ್ಜೆ, 7ಕ್ಕೆ 6ನೇ ಹೆಜ್ಜೆ. ಇದಕ್ಕೆ ಫರ್ಮಾ ಅವರ ಕಿರು ಪ್ರಮೇಯ ಎಂದು ಹೆಸರು. ಹಾಗಾಗಿ ಸುತ್ತಿನ ಉದ್ದ 64, 'ಪ − 1' ಅನ್ನು ಭಾಗಿಸಲೇಬೇಕು. ಅಂದರೆ ನಮ್ಮ ಸಂಖ್ಯೆಗೆ ಅವಿಭಾಜ್ಯ ಭಾಜಕ ಅಂತ ಒಂದಿದ್ದರೆ ಅದು 64ರ ಮಗ್ಗಿಗೆ 1 ಕೂಡಿಸಿದ್ದೇ ಆಗಿರಬೇಕು. ಬೇರೆ ಯಾವುದನ್ನೂ ಮುಟ್ಟುವ ಅಗತ್ಯವೇ ಇಲ್ಲ.

ಪಟ್ಟಿ ಬರೆಯಿರಿ: 65, 129, 193, 257, 321, 385, 449, 513, 577, 641. ಇದರಲ್ಲಿ 65 ಮತ್ತು 385 ಐದರ ಮಗ್ಗಿಯವು. 129, 321, 513 ಮೂರರ ಮಗ್ಗಿಯವು. ಉಳಿದದ್ದು 193, 257, 449, 577, 641. ಐದೇ ಐದು.

ಇವುಗಳಿಂದ ಹತ್ತು ಅಂಕಿಯ ಸಂಖ್ಯೆಯನ್ನು ಉದ್ದಕ್ಕೆ ಭಾಗಿಸಬೇಕಾಗಿಯೂ ಇಲ್ಲ. 65,536ನ್ನು ಭಾಗಿಸಿ ಶೇಷ ತೆಗೆದುಕೊಳ್ಳಿ. ಆ ಶೇಷವನ್ನು ವರ್ಗ ಮಾಡಿ 1 ಕೂಡಿಸಿ, ಮತ್ತೆ ಭಾಗಿಸಿ. 193ಕ್ಕೆ ಕೊನೆಯ ಶೇಷ 109. 257ಕ್ಕೆ 2. 449ಕ್ಕೆ 325. 577ಕ್ಕೆ 288. ನಾಲ್ಕೂ ಆಗಲಿಲ್ಲ. ಈಗ 641. 65,536ನ್ನು 641ರಿಂದ ಭಾಗಿಸಿದರೆ ಶೇಷ 154. 154ರ ವರ್ಗ 23,716. 1 ಕೂಡಿಸಿದರೆ 23,717. ಅದು 641 × 37. ಶೇಷ ಸೊನ್ನೆ!

ಸಂಖ್ಯೆ ಒಡೆಯಿತು.

4,29,49,67,297 = 641 × 67,00,417

ಉದ್ದ ಭಾಗಾಕಾರವನ್ನೂ ಒಮ್ಮೆ ಮಾಡಿ ನೋಡಿ, ಅದರ ನಡಿಗೆ ಚೆನ್ನಾಗಿದೆ. 4294ರಲ್ಲಿ 641 ಆರು ಸಲ, 3846 ಕಳೆದರೆ 448. ಮೇಲಿಂದ 9 ಇಳಿಸಿದರೆ 4489. ಏಳು ಸಲ, 4487 ಕಳೆದರೆ ಉಳಿದದ್ದು 2. ಈಗ 6 ಇಳಿಸಿದರೆ 26, ಸಾಲದು, ಭಾಗಲಬ್ಧದಲ್ಲಿ ಸೊನ್ನೆ. 7 ಇಳಿಸಿದರೆ 267, ಅದೂ ಸಾಲದು, ಮತ್ತೊಂದು ಸೊನ್ನೆ. 2 ಇಳಿಸಿದರೆ 2672, ನಾಲ್ಕು ಸಲ, ಉಳಿದದ್ದು 108. 9 ಇಳಿಸಿದರೆ 1089, ಒಂದು ಸಲ, ಉಳಿದದ್ದು ಮತ್ತೆ 448. ಕೊನೆಗೆ 7 ಇಳಿಸಿದರೆ 4487. ಮೊದಲು ಎರಡು ಜಾಸ್ತಿ ಇದ್ದ ಜಾಗದಲ್ಲೇ ಈ ಸಲ ಸರಿಯಾಗಿ 4487 ಬಂದು ಕೂರುತ್ತದೆ. ಏಳು ಸಲ, ಶೇಷ ಇಲ್ಲ. ಮೊದಲ ಸಲ ಇದನ್ನು ಮಾಡಿದಾಗ ನಡುವಿನ ಎರಡು ಸೊನ್ನೆಗಳಲ್ಲಿ ಒಂದನ್ನು ಬಿಟ್ಟು 6,70,417 ಎಂದು ಬರೆದಿದ್ದೆ. ಗುಣಿಸಿ ತಾಳೆ ನೋಡಿದಾಗಲೇ ತಪ್ಪು ಗೊತ್ತಾಗಿದ್ದು.

ಯಾವ ಉಪಾಯವೂ ಇಲ್ಲದೆ 2, 3, 5, 7 ಎಂದು ಸಾಲಾಗಿ ಭಾಗಿಸುತ್ತಾ ಹೋಗಿದ್ದರೆ ಏನಾಗುತ್ತಿತ್ತು? 641 ಅನ್ನುವುದು 116ನೇ ಅವಿಭಾಜ್ಯ ಸಂಖ್ಯೆ. 115 ಸಲ ಸೋತು 116ನೇ ಸಲ ಗೆಲ್ಲುತ್ತಿದ್ದೆವು. ಉಪಾಯದಿಂದ ಅದು ಐದಕ್ಕೆ ಇಳಿಯಿತು.

92 ವರ್ಷ

ಹಾಗಾದರೆ ಫರ್ಮಾ ಅವರಿಗೆ ಇದು ಯಾಕೆ ಸಿಗಲಿಲ್ಲ? ಕಿರು ಪ್ರಮೇಯ ಅವರದ್ದೇ. ಅದನ್ನು ಪತ್ರದಲ್ಲಿ ಬರೆದಿದ್ದೂ ಅದೇ 1640ರಲ್ಲಿ. ಅದೇ ವರ್ಷ ಅವರು 2³⁷ − 1 ಅನ್ನುವ ಹನ್ನೆರಡು ಅಂಕಿಯ ಸಂಖ್ಯೆಯನ್ನು ಒಡೆದಿದ್ದರು: 1,37,43,89,53,471ಕ್ಕೆ 223 ಒಂದು ಭಾಜಕ. ಅದಕ್ಕೆ ಬಳಸಿದ್ದು ಇದೇ ಜಾತಿಯ ಉಪಾಯ. ಅಲ್ಲಿ ಭಾಜಕಗಳು 74ರ ಮಗ್ಗಿಗೆ 1 ಕೂಡಿಸಿದವು, 223 ಅಂದರೆ 74 × 3 + 1. ಅಂದರೆ ಬೀಗವೂ ಕೀಲಿಯೂ ಎರಡೂ ಅವರ ಮೇಜಿನ ಮೇಲೇ ಇದ್ದವು. ಐದನೇ ಭಾಗಾಕಾರದಲ್ಲಿ ಎಲ್ಲೋ ಕೈ ತಪ್ಪಿರಬೇಕು ಎಂದು ಹಲವರು ಊಹಿಸುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಆ ಎರಡು ಸೊನ್ನೆಗಳನ್ನು ನೋಡಿದಾಗಲೆಲ್ಲ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

1729ರ ಡಿಸೆಂಬರಿನಲ್ಲಿ ಗಣಿತಜ್ಞ ಕ್ರಿಸ್ಟಿಯನ್ ಗೋಲ್ಡ್‌ಬಾಕ್ ಒಂದು ಪತ್ರದಲ್ಲಿ ಫರ್ಮಾ ಅವರ ಈ ಮಾತನ್ನು ಇನ್ನೊಬ್ಬ ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಅವರ ಕಿವಿಗೆ ಹಾಕಿದರು. ಆಯ್ಲರ್‌ಗೆ ಆಗ 22 ವರ್ಷ. 1732ರಲ್ಲಿ, 25ನೇ ವಯಸ್ಸಿನಲ್ಲಿ, ಅವರು 641 ಹೊರಗಿಟ್ಟರು. 64ರ ಮಗ್ಗಿಯ ವಿವರಣೆಯನ್ನು ಅವರು ಬರೆದಿದ್ದು ಆಮೇಲಿನ ಬರಹದಲ್ಲಿ. ಇನ್ನೊಂದು ಸಂಗತಿ ಕೂಡ ದಾಖಲಾಗಿದೆ. 1804ರಲ್ಲಿ ಹುಟ್ಟಿದ ಜೆರಾ ಕೋಲ್ಬರ್ನ್ ಎಂಬ ಅಮೆರಿಕದ ಹುಡುಗ ಮನಸ್ಸಿನಲ್ಲೇ ಲೆಕ್ಕ ಮಾಡುವುದರಲ್ಲಿ ಹೆಸರಾಗಿದ್ದ. ಚಿಕ್ಕವನಿದ್ದಾಗಲೇ ಅವನನ್ನು ಲಂಡನ್ನಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಇದೇ ಸಂಖ್ಯೆಯನ್ನು ಮುಂದಿಟ್ಟಾಗ ಕಾಗದ ಮುಟ್ಟದೆ 641 ಎಂದು ಹೇಳಿದ.

641ರ ಎರಡು ಮುಖ

ಉತ್ತರ ಗೊತ್ತಾದ ಮೇಲೆ ಅದನ್ನು ಭಾಗಾಕಾರ ಇಲ್ಲದೆಯೇ ಒಪ್ಪಿಸಬಹುದು. ನನಗೆ ಗೊತ್ತಿರುವ ಪುಟ್ಟ ಸಾಧನೆಗಳಲ್ಲಿ ಇದಕ್ಕಿಂತ ಚಂದದ್ದು ಕಡಿಮೆ.

641ನ್ನು ಎರಡು ರೀತಿ ಬರೆಯಬಹುದು. ಒಂದು, 640 + 1, ಅಂದರೆ 5 × 2⁷ + 1. ಇನ್ನೊಂದು, 625 + 16, ಅಂದರೆ 5⁴ + 2⁴. ಎರಡರಲ್ಲೂ 5 ಮತ್ತು 2 ಮಾತ್ರ ಇವೆ, ಅಲ್ವಾ? ಈಗ 641ರಿಂದ ಭಾಗಿಸಿದ ಶೇಷಗಳನ್ನು ನೋಡಿ. ಮೊದಲ ಮುಖ ಹೇಳುವುದು: 5 × 2⁷ರ ಶೇಷ −1. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೇ ಮುಖ ಹೇಳುವುದು: 5⁴ ಅಂದರೂ −2⁴ ಅಂದರೂ ಶೇಷ ಒಂದೇ. 5⁴ ಇದ್ದ ಜಾಗಕ್ಕೆ −2⁴ ಹಾಕಿ. −2³²ರ ಶೇಷ 1. ಹಾಗಾದರೆ 2³²ರ ಶೇಷ −1, ಮತ್ತು 2³² + 1ರ ಶೇಷ ಸೊನ್ನೆ. ಮುಗಿಯಿತು.

ಇಲ್ಲೊಂದು ಪಕ್ಕದ ಮಾತು. ಮೇಲೆ 65,536ರ ಶೇಷ 154 ಬಂದಿತ್ತು, ನೆನಪಿದೆಯಾ? 10 ಕೋಟಿಯನ್ನು, ಅಂದರೆ 10⁸ ಅನ್ನು 641ರಿಂದ ಭಾಗಿಸಿ ನೋಡಿ. ಶೇಷ ಅದೇ 154. ಮೊದಲ ಸಲ ಇದನ್ನು ನೋಡಿ ಲೆಕ್ಕ ತಪ್ಪಿದೆ ಅಂದುಕೊಂಡು ಮತ್ತೆ ಮಾಡಿದೆ. ತಪ್ಪಿಲ್ಲ. 10⁸ರಲ್ಲಿ 2¹⁶ ಕಳೆದರೆ 2⁸ × (5⁸ − 2⁸). ಆವರಣದೊಳಗಿನದ್ದು (5⁴ − 2⁴) × (5⁴ + 2⁴). ಕೊನೆಯದ್ದು 641 ತಾನೇ! ಹಾಗಾಗಿ 641 ನಮ್ಮ ಸಂಖ್ಯೆಯನ್ನು ಭಾಗಿಸುವ ಹಾಗೇ 10¹⁶ + 1 ಅನ್ನೂ ಭಾಗಿಸುತ್ತದೆ. 1ರ ಮುಂದೆ ಹದಿನೈದು ಸೊನ್ನೆ, ಕೊನೆಗೆ ಒಂದು 1. 1/641 ಅನ್ನು ದಶಮಾಂಶದಲ್ಲಿ ಬರೆದರೆ 32 ಅಂಕಿಗಳಿಗೊಮ್ಮೆ ಅದೇ ಸಾಲು ಮರುಕಳಿಸುವುದಕ್ಕೂ ಇದೇ ಕಾರಣ.

ಐದರಿಂದ ಒಂದಕ್ಕೆ

1878ರಲ್ಲಿ ಫ್ರೆಂಚ್ ಗಣಿತಜ್ಞ ಎಡ್ವರ್ಡ್ ಲ್ಯೂಕಾ 64ರ ಮಗ್ಗಿಯ ಈ ಜರಡಿಯನ್ನು ಇನ್ನಷ್ಟು ಬಿಗಿ ಮಾಡಿದರು. 17ಕ್ಕೇ ಮರಳಿ ಹೋಗೋಣ. 6 × 6 = 36, 17ರಿಂದ ಭಾಗಿಸಿದರೆ ಶೇಷ 2. ಅಂದರೆ 17ರ ಶೇಷಗಳ ಲೋಕದಲ್ಲಿ 2ಕ್ಕೆ 6 ಎಂಬ ವರ್ಗಮೂಲ ಇದೆ. 8ರ ಮಗ್ಗಿಗೆ 1 ಕೂಡಿಸಿದ ಎಲ್ಲ ಅವಿಭಾಜ್ಯಗಳಲ್ಲೂ 2ಕ್ಕೆ ಹೀಗೊಂದು ಮೂಲ ಸಿಗುತ್ತದೆ. ನಮ್ಮ 'ಪ' 64ರ ಮಗ್ಗಿಗೆ 1 ಕೂಡಿಸಿದ್ದು, ಹಾಗಾಗಿ ಅದಕ್ಕೂ ಇದೆ. 2ರ ಸುತ್ತು 64 ಹೆಜ್ಜೆಯದ್ದಾದರೆ ಅದರ ವರ್ಗಮೂಲದ ಸುತ್ತು 128 ಹೆಜ್ಜೆಯದ್ದು. ಆದ್ದರಿಂದ 'ಪ − 1' ಅನ್ನು 128 ಕೂಡ ಭಾಗಿಸಬೇಕು.

ಈಗ ಪಟ್ಟಿ ಅರ್ಧ ಆಯಿತು: 129, 257, 385, 513, 641. ಅವಿಭಾಜ್ಯಗಳು 257 ಮತ್ತು 641 ಮಾತ್ರ. ಅದರಲ್ಲಿ 257 ಕೂಡ ಬೇಡ. ಯಾಕೆ ಅಂತ ನೋಡಿ. 3 × 5 = 15, ಅದು 17ಕ್ಕೆ ಎರಡು ಕಡಿಮೆ. 15 × 17 = 255, 257ಕ್ಕೆ ಎರಡು ಕಡಿಮೆ. 255 × 257 = 65,535. ಅದನ್ನು 65,537ರಿಂದ ಗುಣಿಸಿದರೆ 4,29,49,67,295. ಪ್ರತಿ ಸಲವೂ ಹಿಂದಿನ ಎಲ್ಲವನ್ನೂ ಗುಣಿಸಿ 2 ಕೂಡಿಸಿದರೆ ಮುಂದಿನದ್ದು. ಹಾಗಾಗಿ 257ರಿಂದ ನಮ್ಮ ಸಂಖ್ಯೆಯನ್ನು ಭಾಗಿಸಿದರೆ 2 ಉಳಿಯಲೇಬೇಕು. ಮೇಲೆ ಬಂದಿದ್ದೂ 2 ತಾನೇ. ಎರಡು ಫರ್ಮಾ ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರುವುದಿಲ್ಲ. ಇದೇ ಮಾತಿನಿಂದ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂದೂ ಸಾಧಿಸಬಹುದು. ಗೋಲ್ಡ್‌ಬಾಕ್ 1730ರಲ್ಲಿ ಆಯ್ಲರ್‌ಗೆ ಬರೆದ ಪತ್ರದಲ್ಲಿ ಅದನ್ನು ಹೇಳಿದ್ದರು.

257 ಹೋದ ಮೇಲೆ ಉಳಿದದ್ದು 641 ಒಂದೇ. ಅಂದರೆ ಮೊದಲ ಭಾಗಾಕಾರದಲ್ಲೇ ಗೆಲುವು.

ಇದೇ ಜರಡಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಇನ್ನೊಂದು ತುಂಡು 67,00,417 ಅವಿಭಾಜ್ಯವೇ? ಅದರ ವರ್ಗಮೂಲ 2,588ಕ್ಕೆ ಸ್ವಲ್ಪ ಜಾಸ್ತಿ. ಅದನ್ನು ಭಾಗಿಸುವ ಯಾವ ಅವಿಭಾಜ್ಯವೂ ನಮ್ಮ ದೊಡ್ಡ ಸಂಖ್ಯೆಯನ್ನೂ ಭಾಗಿಸುತ್ತದೆ, ಹಾಗಾಗಿ ಅದೂ 128ರ ಮಗ್ಗಿಗೆ 1 ಕೂಡಿಸಿದ್ದೇ ಆಗಿರಬೇಕು. 2,588ರೊಳಗೆ ಅಂಥ ಇಪ್ಪತ್ತು ಸಂಖ್ಯೆಗಳಿವೆ. ಅವುಗಳಲ್ಲಿ ಅವಿಭಾಜ್ಯ ಆಗಿರುವುದು 257, 641, 769, 1153, 1409. 257 ಆಗಲೇ ಹೊರಗೆ. ಉಳಿದ ನಾಲ್ಕರಿಂದ ಭಾಗಿಸಿದರೆ ಶೇಷ ಕ್ರಮವಾಗಿ 44, 120, 334, 622. ಒಂದೂ ಸೊನ್ನೆ ಅಲ್ಲ. ನಾಲ್ಕೇ ಭಾಗಾಕಾರದಲ್ಲಿ ಏಳು ಅಂಕಿಯ ಸಂಖ್ಯೆ ಅವಿಭಾಜ್ಯ ಎಂದು ಖಚಿತವಾಯಿತು. ಇಲ್ಲದಿದ್ದರೆ ನೂರಾರು ಬೇಕಾಗುತ್ತಿತ್ತು.

ನಂಬಬಾರದ ಒಂದು ಪರೀಕ್ಷೆ

ಭಾಜಕ ಹುಡುಕದೆಯೇ ಸಂಖ್ಯೆ ಸಂಯುಕ್ತ ಎಂದು ಹೇಳಲು ಬರುತ್ತದಾ? ಬರುತ್ತದೆ. ಕಿರು ಪ್ರಮೇಯವನ್ನೇ ತಿರುಗಿಸಿ ಹಿಡಿಯಬೇಕು. ನಮ್ಮ ಸಂಖ್ಯೆ ಅವಿಭಾಜ್ಯ ಆಗಿದ್ದರೆ, 2ನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿದಾಗ ಶೇಷ 1 ಬರಬೇಕು. ಬರದಿದ್ದರೆ ಅದು ಅವಿಭಾಜ್ಯ ಅಲ್ಲ.

ಮಾಡಿ ನೋಡಿದರೆ ಶೇಷ 1 ಬಂದುಬಿಡುತ್ತದೆ. ಕಾರಣ ಸರಳ. ನಮ್ಮ ಸಂಖ್ಯೆಯಿಂದ ಭಾಗಿಸಿದಾಗ 2³²ರ ಶೇಷ −1, 2⁶⁴ರ ಶೇಷ 1. ನಮಗೆ ಬೇಕಾದ ಘಾತ 4,29,49,67,296, ಅದು 64ರ ಮಗ್ಗಿಯಲ್ಲೇ ಇದೆ. ಹಾಗಾಗಿ 1 ಬರದೆ ಬೇರೆ ದಾರಿಯೇ ಇಲ್ಲ. ಎಲ್ಲ ಫರ್ಮಾ ಸಂಖ್ಯೆಗಳೂ 2ರ ಮುಂದೆ ಹೀಗೇ ಪಾಸಾಗುತ್ತವೆ, ಅವಿಭಾಜ್ಯ ಆಗಿರಲಿ ಬಿಡಲಿ. 2ರಿಂದಲೇ ಹುಟ್ಟಿದ ಸಂಖ್ಯೆಯ ಬಗ್ಗೆ 2ನ್ನೇ ಸಾಕ್ಷಿ ಕೇಳಬಾರದು.

2ರ ಬದಲು 3ನ್ನು ತೆಗೆದುಕೊಳ್ಳಿ. 3ನ್ನು ವರ್ಗ ಮಾಡಿ ಶೇಷ ತೆಗೆಯಿರಿ, ಮತ್ತೆ ವರ್ಗ ಮಾಡಿ ಶೇಷ ತೆಗೆಯಿರಿ, ಹೀಗೆ 32 ಸಲ. 31ನೇ ಸಲ ಸಿಗುವುದು 1,03,24,303. 32ನೇ ಸಲ 3,02,90,26,160. ಅದು 1 ಅಲ್ಲ. ಹಾಗಾಗಿ ಸಂಖ್ಯೆ ಸಂಯುಕ್ತ. ಯಾವ ಭಾಜಕದ ಹೆಸರೂ ಬೇಕಾಗಲಿಲ್ಲ. 1877ರಲ್ಲಿ ಫ್ರೆಂಚ್ ಗಣಿತಜ್ಞ ಪೆಪಾಂ ಇದನ್ನು ಎರಡೂ ಕಡೆಗೆ ಕೆಲಸ ಮಾಡುವ ಪರೀಕ್ಷೆಯಾಗಿ ರೂಪಿಸಿದರು. ಕೊನೆಯ ಹೆಜ್ಜೆಗೆ ಒಂದು ಹೆಜ್ಜೆ ಮುಂಚೆ −1 ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. ನಮ್ಮಲ್ಲಿ ಅಲ್ಲಿ 4,29,49,67,296 ಬರಬೇಕಿತ್ತು.

ಈ ಸಾಲಿನಲ್ಲಿ ಮುಂದಿನವುಗಳ ಕಥೆ ಚಿಕ್ಕದಾಗಿ ಹೇಳುತ್ತೇನೆ. 2⁶⁴ + 1 ಅನ್ನು 1880ರಲ್ಲಿ 82 ವರ್ಷದ ಲ್ಯಾಂಡ್ರಿ ಒಡೆದರು, ಚಿಕ್ಕ ಭಾಜಕ 2,74,177. ಅದರ ನಂತರದ್ದು ಒಡೆದಿದ್ದು 1970ರಲ್ಲಿ, ಕಂಪ್ಯೂಟರ್ ಬಂದ ಮೇಲೆ. 65,537 ಆದ ಮೇಲೆ ಇದುವರೆಗೆ ಒಂದೂ ಅವಿಭಾಜ್ಯ ಸಿಕ್ಕಿಲ್ಲ. 3ಕ್ಕೆ ಸೊನ್ನೆಯನೇ ಸ್ಥಾನ ಕೊಟ್ಟು ಎಣಿಸಿದರೆ 20 ಮತ್ತು 24ನೇ ಸ್ಥಾನದವು ಸಂಯುಕ್ತ ಎಂದು ಪೆಪಾಂ ಪರೀಕ್ಷೆಯಿಂದ ಗೊತ್ತು, ಆದರೆ ಅವುಗಳ ಒಂದು ಭಾಜಕವೂ ಯಾರ ಕೈಗೂ ಸಿಕ್ಕಿಲ್ಲ.

ಪಕ್ಕದ ಮನೆಯವರು

ನಮ್ಮ ಸಂಖ್ಯೆಗೆ ಭಾಜಕಗಳು ನಾಲ್ಕೇ: 1, 641, 67,00,417 ಮತ್ತು ಅದೇ. ಆದರೆ ಎರಡು ಮೆಟ್ಟಿಲು ಕೆಳಗಿರುವ 4,29,49,67,295ಕ್ಕೆ 32 ಭಾಜಕಗಳು. ಅದು 3, 5, 17, 257, 65,537 ಐದರ ಗುಣಲಬ್ಧ. 32 ಬಿಟ್‌ನ ಕಂಪ್ಯೂಟರ್ ಖಾನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಅದೇ. ನಮ್ಮ ಸಂಖ್ಯೆಗೆ ದ್ವಿಮಾನ ಪದ್ಧತಿಯಲ್ಲಿ 33 ಸ್ಥಾನ ಬೇಕು: 1, ಆಮೇಲೆ 31 ಸೊನ್ನೆ, ಕೊನೆಗೆ 1. ಅದನ್ನು 32 ಬಿಟ್‌ನ ಖಾನೆಗೆ ತುರುಕಿದರೆ ಎಡಗಡೆಯ 1 ಬಿದ್ದುಹೋಗಿ ಬರೀ 1 ಉಳಿಯುತ್ತದೆ.

ಇನ್ನೊಂದು ನಂಟು ರೇಖಾಗಣಿತದ್ದು. 1796ರಲ್ಲಿ 18 ವರ್ಷದ ಗಾಸ್, ಬರೀ ಕೈವಾರ ಮತ್ತು ಅಳತೆಪಟ್ಟಿಯಿಂದ 17 ಬಾಹುಗಳ ಸಮಬಹುಭುಜಾಕೃತಿ ರಚಿಸಬಹುದು ಎಂದು ತೋರಿಸಿದರು. ಬಾಹುಗಳ ಸಂಖ್ಯೆ ಬೆಸ ಆಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಲೇಬೇಕು. ಇದರ ಈ ಭಾಗವನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದರು. ಗೊತ್ತಿರುವ ಐದರಿಂದ ಅಂಥ 31 ಆಕೃತಿಗಳು ಸಿಗುತ್ತವೆ. ಅವುಗಳಲ್ಲಿ ದೊಡ್ಡದಕ್ಕೆ 4,29,49,67,295 ಬಾಹುಗಳು. ಫರ್ಮಾ ಹೇಳಿದ್ದು ನಿಜ ಆಗಿದ್ದರೆ ನಮ್ಮ ಸಂಖ್ಯೆಯೂ ಈ ಪಟ್ಟಿಗೆ ಸೇರುತ್ತಿತ್ತು.

ಒಂದೂ ಭಾಗಾಕಾರ ಪ್ರಯತ್ನಿಸದೆ

116, 5, 1 ಎಂದು ಎಣಿಕೆ ಇಳಿಯಿತು. ಸೊನ್ನೆಗೂ ಇಳಿಸಬಹುದು. ಯಾವ ಭಾಜಕವನ್ನೂ ಊಹಿಸದೆ, ಎರಡು ಜೋಡಿ ವರ್ಗಗಳಿಂದ.

4ರ ಮಗ್ಗಿಗೆ 1 ಕೂಡಿಸಿದ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ರೀತಿ ಬರೆಯಬಹುದು. 13 ಅಂದರೆ 9 + 4, ಬೇರೆ ದಾರಿ ಇಲ್ಲ. 29 ಅಂದರೆ 25 + 4. ಎರಡು ರೀತಿ ಬರೆಯಲು ಬಂದರೆ ಅದು ಸಂಯುಕ್ತ. ಉದಾಹರಣೆಗೆ 65 ಅಂದರೆ 8² + 1², 7² + 4² ಕೂಡ. ಇದರಿಂದ ಭಾಜಕವೇ ಹೊರಬರುತ್ತದೆ. ಸಮ ಸಂಖ್ಯೆಯನ್ನು ಸಮದ ಜೊತೆ, ಬೆಸವನ್ನು ಬೆಸದ ಜೊತೆ ಇಡಿ. 8 ಮತ್ತು 4ರ ವ್ಯತ್ಯಾಸ 4, 7 ಮತ್ತು 1ರ ವ್ಯತ್ಯಾಸ 6. ಇವೆರಡರ ಮ.ಸಾ.ಅ. (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) 2. ಮೊತ್ತಗಳು 12 ಮತ್ತು 8, ಅವುಗಳ ಮ.ಸಾ.ಅ. 4. ಎರಡನ್ನೂ ಅರ್ಧ ಮಾಡಿ: 1 ಮತ್ತು 2. ವರ್ಗ ಮಾಡಿ ಕೂಡಿಸಿ: 1 + 4 = 5. ಅದು 65ರ ಭಾಜಕ.

ನಮ್ಮ ಸಂಖ್ಯೆಗೆ ಒಂದು ಜೋಡಿ ಹುಟ್ಟಿನಿಂದಲೇ ಇದೆ: 65,536² + 1². ಎರಡನೆಯದ್ದು 62,264² + 20,449². ಈ ಎರಡನೇ ಜೋಡಿಯನ್ನು ಹುಡುಕುವುದು ಸುಲಭ ಅಲ್ಲ, ತುಂಬಾ ಹೊತ್ತು ಬೇಕು. ಆದರೆ ಸಿಕ್ಕ ಮೇಲೆ ಸರಿಯಿದೆಯೇ ಎಂದು ನೋಡಲು ಎರಡು ಗುಣಾಕಾರ ಸಾಕು: 3,87,68,05,696ಕ್ಕೆ 41,81,61,601 ಕೂಡಿಸಿ.

ಈಗ ಮೇಲಿನ ಹಾಗೇ. 65,536ರಲ್ಲಿ 62,264 ಕಳೆದರೆ 3,272. 20,449ರಲ್ಲಿ 1 ಕಳೆದರೆ 20,448. ಇವೆರಡರ ಮ.ಸಾ.ಅ. 8. ಮೊತ್ತಗಳು 1,27,800 ಮತ್ತು 20,450. ಅವುಗಳ ಮ.ಸಾ.ಅ. 50. ಮೊದಲ ಎರಡನ್ನು 8ರಿಂದ ಭಾಗಿಸಿದರೆ 409 ಮತ್ತು 2,556. ಅವುಗಳ ವರ್ಗ 1,67,281 ಮತ್ತು 65,33,136, ಕೂಡಿಸಿದರೆ 67,00,417. ಇನ್ನು 8ರ ಅರ್ಧ 4, 50ರ ಅರ್ಧ 25. 4ರ ವರ್ಗ 16, 25ರ ವರ್ಗ 625. ಕೂಡಿಸಿದರೆ 641.